ಕಣ್ಣು ಕಲಿಸಿದ ವಿದ್ಯೆ

ಮಳೆಗಾಲದ ರಾತ್ರಿ, ಮಲೆನಾಡಿನ ಮನೆಯೊಂದರಲ್ಲಿ ದೀಪ ಬೆಳಗಿಸಿಕೊಂಡು ಗಾಜಿನ ಕಿಟಕಿಯ ಬಳಿ ಕುಳಿತವನಿಗೆ ಎರಡು ಬಗೆಯ ನೋಟಗಳು ಒಮ್ಮೆಗೇ ಒದಗಿಬರುತ್ತವೆ. ಹೊರಗಿನ ಅಂಗಳವನ್ನು, ಅದರಾಚೆಯ ಅಡಕೆಯ ತೋಟವನ್ನು ನೋಡಬೇಕೆಂದು ಗಾಜಿನತ್ತ ತಿರುಗಿದರೆ ಮೊದಲು ಕಣ್ಣಿಗೆ ಬೀಳುವುದು ಅವನದೇ ಮುಖ, ಅವನ ಬೆನ್ನ ಹಿಂದೆ ಉರಿಯುತ್ತಿರುವ ದೀಪ, ಗೋಡೆಗೆ ತೂಗುಹಾಕಿದ ಪಂಚಾಂಗ. ಅದೇ ಗಾಜಿನ ಹೊರಮೈಯಲ್ಲಿ, ಬೆಳಕಿನ ಸೆಳೆತಕ್ಕೆ ಒಳಗಾಗಿ ಬಂದ ಕಂದುಬಣ್ಣದ ಪತಂಗವೊಂದು ರೆಕ್ಕೆ ಚಾಚಿ ಅಂಟಿಕೊಂಡಿರುತ್ತದೆ. ಅದರ ತಲೆಯ ಎರಡು ಪಕ್ಕಗಳಲ್ಲಿ ಸಾಸಿವೆಯ ಕಾಳಿನಂತೆ ಉಬ್ಬಿಕೊಂಡಿರುವ ಕಣ್ಣುಗಳೂ ಒಂದು ಅರ್ಥದಲ್ಲಿ ಕಿಟಕಿಗಳೇ. ಅವಕ್ಕೂ ಪಾರದರ್ಶಕವಾದ ಹೊರಹೊದಿಕೆಯಿದೆ, ಅವುಗಳ ಮೇಲೂ ನಮ್ಮ ದೀಪದ ಬೆಳಕು ಬೀಳುತ್ತಿದೆ. ಆದರೆ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ನಮಗೆ ಹಿಂದಿರುಗಿಸುತ್ತಿದ್ದರೆ, ಪತಂಗದ ಕಣ್ಣಿನ ಹೊದಿಕೆ ಬಂದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಗಾಜಿಗೂ ಆ ಕಣ್ಣಿಗೂ ನಡುವಣ ದೂರ ಒಂದು ಬೆರಳಿನಗಲಕ್ಕಿಂತ ಹೆಚ್ಚಿಲ್ಲ. ಆ ಬೆರಳಿನಗಲವನ್ನು ದಾಟುವುದಕ್ಕೆ ಮನುಷ್ಯನ ವಿದ್ಯೆಗೆ ಶತಮಾನಗಳೇ ಬೇಕಾದವು.

ಪ್ರಾಣಿಗಳ ಕಣ್ಣಿನಿಂದ ನಮ್ಮ ಉಪಕರಣಗಳು ಕಲಿತುಕೊಂಡಿರುವ ಪಾಠಗಳಲ್ಲಿ ನಾಲ್ಕನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಒಂದು ಪತಂಗದ್ದು, ಒಂದು ಸಿಗಡಿಯದು, ಒಂದು ಜೇನ್ನೊಣದ್ದು, ಕೊನೆಯದು ನಮ್ಮದೇ ಕಣ್ಣಿನದು. ಇವೆಲ್ಲವನ್ನೂ ಪೋಣಿಸುವ ದಾರ ಒಂದೇ: ಯಾವ ಪ್ರಾಣಿಯ ಕಣ್ಣನ್ನು ತೆಗೆದುಕೊಂಡರೂ ಅದು ಆ ಪ್ರಾಣಿಯ ಬಾಳು ಮುಂದೊಡ್ಡಿದ ಒಂದು ಪ್ರಶ್ನೆಗೆ ಅದರ ಶರೀರ ಕಂಡುಕೊಂಡ ಉತ್ತರವಾಗಿದೆ. ಉತ್ತರದ ಆಕಾರವನ್ನಷ್ಟೇ ನಕಲು ಮಾಡಿದವನಿಗೆ ಆಟಿಕೆ ದೊರೆತೀತು. ಪ್ರಶ್ನೆಯನ್ನು ಅರಿತವನಿಗೆ ಮಾತ್ರ ವಿದ್ಯೆ ದೊರೆಯುತ್ತದೆ.

ಇದನ್ನು ಮನಗಾಣುವುದಕ್ಕೆ ಬಹುಕಾಲ ಹಿಡಿಯಿತು. ಏಕೆಂದರೆ ಮೊದಮೊದಲು ಮನುಷ್ಯನು ಉಪಕರಣವನ್ನು ನೋಡಿ ಕಣ್ಣನ್ನು ಅರ್ಥಮಾಡಿಕೊಂಡನೇ ಹೊರತು, ಕಣ್ಣನ್ನು ನೋಡಿ ಉಪಕರಣವನ್ನು ಕಟ್ಟಲಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯವನ್ನು ಕಂಡವರಿಗೆ, ಅಲ್ಲಿಯ ಮಬ್ಬುಗತ್ತಲೆಯ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯ ಮೂಲಕ ಒಳಬಂದ ಬೆಳಕು ಹೊರಗಿನ ಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬರೆಯುವ ಸೋಜಿಗ ನೆನಪಿರಬಹುದು. ಇಂಥ ಕತ್ತಲಕೋಣೆಯ ಚಿತ್ರವನ್ನು ಯೂರೋಪಿನ ವಿದ್ವಾಂಸರೂ ಬಲ್ಲವರಾಗಿದ್ದರು. ಗ್ರಹಗತಿಯ ನಿಯಮಗಳಿಗಾಗಿ ಪ್ರಸಿದ್ಧನಾದ ಯೋಹಾನೆಸ್ ಕೆಪ್ಲರ್ ೧೬೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಕಣ್ಣೂ ಅಂಥದೇ ಒಂದು ಕೋಣೆಯೆಂದೂ, ಅದರ ಹಿಂಗೋಡೆಯಾದ ಅಕ್ಷಿಪಟದ ಮೇಲೆ ಹೊರಜಗತ್ತು ತಲೆಕೆಳಗಾಗಿ ಮೂಡುವುದೆಂದೂ ತೋರಿಸಿಕೊಟ್ಟನು. ಅವನ ಸಮಕಾಲೀನನಾದ ಪಾದ್ರಿ ಕ್ರಿಸ್ಟೋಫ್ ಶೈನರ್ ಸತ್ತ ಪ್ರಾಣಿಗಳ ಕಣ್ಣಿನ ಹಿಂಬದಿಯ ಹೊದಿಕೆಯನ್ನು ಸುಲಿದು ಆ ಚಿತ್ರವನ್ನು ಪ್ರತ್ಯಕ್ಷವಾಗಿಯೇ ಕಂಡನು. ಹೀಗೆ ಕಣ್ಣು ಉಪಕರಣದ ಸಾಲಿಗೆ ಸೇರಿದ ಮೇಲೆ, ಉಪಕರಣದ ಅಳತೆಗೋಲಿನಿಂದಲೇ ಕಣ್ಣನ್ನು ಅಳೆಯುವ ರೂಢಿಯೂ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಮಹಾವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಮಾನವನೇತ್ರದ ದೋಷಗಳನ್ನು ಒಂದೊಂದಾಗಿ ಎಣಿಸಿ, ಇಷ್ಟೊಂದು ಕುಂದುಗಳಿರುವ ಸಾಧನವನ್ನು ಕುಶಲಕರ್ಮಿಯೊಬ್ಬನು ತನಗೆ ಮಾರಲು ಬಂದಿದ್ದರೆ ಅವನನ್ನು ಗದರಿಸಿ ಹಿಂದಕ್ಕೆ ಕಳುಹಿಸುತ್ತಿದ್ದೆನೆಂಬರ್ಥದ ಮಾತನ್ನು ಹೇಳಿದನು. ಹಾಗೆಂದು ತನ್ನ ಕಣ್ಣುಗಳನ್ನು ತಾನು ಬಿಟ್ಟುಕೊಡಲಾರೆನೆಂದೂ ಅಲ್ಲಿಯೇ ಸೇರಿಸಿದನು. ಆ ಮಹಾನುಭಾವನ ಮಾತಿನ ಎರಡನೆಯ ಭಾಗದ ಅರ್ಥ ವಿಸ್ತಾರವಾಗುತ್ತ ಹೋದುದು ಇಪ್ಪತ್ತನೆಯ ಶತಮಾನದಲ್ಲಿ.

ಮೊದಲು ಪತಂಗದ ಕಣ್ಣಿಗೆ ಹಿಂದಿರುಗೋಣ. ಬೆಳಕು ಗಾಳಿಯಿಂದ ಗಾಜಿಗೆ ಪ್ರವೇಶಿಸುವಾಗ ಅದರ ನೂರರಲ್ಲಿ ಸುಮಾರು ನಾಲ್ಕು ಪಾಲು ಹೊಸ್ತಿಲಲ್ಲಿಯೇ ಹಿಂದಿರುಗುತ್ತದೆ. ಗಾಜಿನಿಂದ ಗಾಳಿಗೆ ಹೊರಡುವಾಗ ಇನ್ನೊಂದು ನಾಲ್ಕು ಪಾಲು. ಕಿಟಕಿಯಲ್ಲಿ ಇದು ಅಲಕ್ಷಿಸಬಹುದಾದ ನಷ್ಟ. ಆದರೆ ಹಲವು ಮಸೂರಗಳನ್ನು ಒಂದರ ಹಿಂದೊಂದು ಜೋಡಿಸಿದ ಕ್ಯಾಮೆರಾದಲ್ಲಿ ಬೆಳಕು ಇಂಥ ಹತ್ತು ಹೊಸ್ತಿಲುಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಪಾಲಿನಷ್ಟು ಕಳೆದುಹೋಗಿರುತ್ತದೆ; ಕಳೆದುಹೋದುದು ಸುಮ್ಮನೂ ಇರದೆ, ಗಾಜುಗಳ ನಡುವೆ ಅತ್ತಿತ್ತ ಪುಟಿದು ಚಿತ್ರವನ್ನು ಮಸುಕುಗೊಳಿಸುತ್ತದೆ. ಗಾಜಿನ ಮೇಲೆ ತೆಳುವಾದ ರಾಸಾಯನಿಕ ಲೇಪನವನ್ನು ಹಚ್ಚಿ ಇದನ್ನು ತಗ್ಗಿಸುವ ಉಪಾಯವಿದ್ದರೂ, ಅಂಥ ಲೇಪನ ಕೆಲವು ಬಣ್ಣಗಳಿಗೆ, ಕೆಲವು ಕೋನಗಳಿಗೆ ಒಪ್ಪುವಷ್ಟು ಚೆನ್ನಾಗಿ ಉಳಿದವಕ್ಕೆ ಒಪ್ಪುವುದಿಲ್ಲ.

೧೯೬೦ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಶರೀರಶಾಸ್ತ್ರಜ್ಞರಾದ ಬರ್ನ್‌ಹಾರ್ಡ್ ಅವರೂ ಅವರ ಸಹೋದ್ಯೋಗಿ ಮಿಲ್ಲರ್ ಅವರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪತಂಗದ ಕಣ್ಣಿನ ಮೇಲ್ಮೈಯನ್ನು ಪರೀಕ್ಷಿಸಿದಾಗ, ನುಣುಪಾಗಿದೆಯೆಂದು ತಿಳಿದಿದ್ದ ಆ ಹೊದಿಕೆಯ ಮೇಲೆ ಹಲಸಿನ ಹಣ್ಣಿನ ಸಿಪ್ಪೆಯನ್ನು ನೆನಪಿಗೆ ತರುವ ಒತ್ತೊತ್ತಾದ ಮೊನೆಗಳು ಗೋಚರಿಸಿದವು. ಒಂದು ಮೊನೆಯಿಂದ ಇನ್ನೊಂದಕ್ಕೆ ಇರುವ ಅಂತರ ಸುಮಾರು ೨೦೦ ನ್ಯಾನೊಮೀಟರ್. ಅಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಐದು ಸಾವಿರ ಮೊನೆಗಳನ್ನು ಸಾಲಾಗಿ ನಿಲ್ಲಿಸಬಹುದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು ೪೦೦ರಿಂದ ೭೦೦ ನ್ಯಾನೊಮೀಟರ್‌ವರೆಗೆ ಇರುವುದರಿಂದ, ಬೆಳಕಿನ ಅಲೆಗೆ ಈ ಮೊನೆಗಳು ಬಿಡಿಬಿಡಿಯಾಗಿ ತಾಕುವುದೇ ಇಲ್ಲ. ಅದಕ್ಕೆ ಅನುಭವವಾಗುವುದು ಗಾಳಿ ಮೆಲ್ಲಮೆಲ್ಲನೆ ದಟ್ಟವಾಗುತ್ತ ಬಂದು ಕಣ್ಣಿನ ಹೊದಿಕೆಯಾಗಿ ಪರಿಣಮಿಸಿದಂತೆ. ಕಲ್ಯಾಣಿಯ ನೀರಿನಲ್ಲಿ ಎದ್ದ ಅಲೆ ನೆಟ್ಟಗೆ ನಿಂತ ಕಲ್ಲುಗೋಡೆಗೆ ಬಡಿದರೆ ಬಂದ ದಾರಿಗೆ ಮರಳುವುದನ್ನೂ, ಅದೇ ಅಲೆ ಕೆರೆಯ ಇಳಿಜಾರಾದ ಮರಳುದಂಡೆಗೆ ಬಂದರೆ ಸದ್ದಿಲ್ಲದೆ ಒಳಗೇ ಇಂಗಿಹೋಗುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಗಾಜು ಬೆಳಕಿಗೆ ಕಲ್ಲುಗೋಡೆ; ಪತಂಗದ ಕಣ್ಣು ಮರಳುದಂಡೆ.

ಇರುಳಿನಲ್ಲಿ ಬಾಳುವ ಹುಳುವಿಗೆ ಈ ಏರ್ಪಾಡು ಏಕೆ ಬೇಕಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಿಗುವ ಬೆಳಕೇ ಅತ್ಯಲ್ಪವಾಗಿರುವಾಗ ಅದರಲ್ಲಿ ಕಿಂಚಿತ್ತನ್ನೂ ಹೊಸ್ತಿಲಲ್ಲಿ ಚೆಲ್ಲುವಂತಿಲ್ಲ. ಹಗಲಿನಲ್ಲಿ ಮರದ ತೊಗಟೆಗೆ ಅಂಟಿ ಮಲಗಿರುವಾಗ ಹೊಳೆಯುವ ಕಣ್ಣು ಹಕ್ಕಿಗೆ ಸುಳಿವು ಕೊಡುವಂತಿಲ್ಲ. ಈ ಅಗತ್ಯವನ್ನು ಗುರುತಿಸಿದ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕ್ಲ್ಯಾಫಮ್ ಮತ್ತು ಹಟ್ಲಿ ಎಂಬಿಬ್ಬರು ೧೯೭೩ರಲ್ಲಿ, ಬೆಳಕಿಗೆ ಮಾರ್ಪಡುವ ಪದಾರ್ಥವೊಂದರ ಮೇಲೆ ಲೇಸರ್ ಕಿರಣಗಳ ಅಲೆಗಳನ್ನು ಒಂದರೊಡನೊಂದು ಬೆರೆಸಿ, ಆ ಬೆರಕೆಯ ಪಟ್ಟೆಗಳಿಂದಲೇ ಇಂಥ ಮೊನೆಗಳನ್ನು ಮೂಡಿಸಿ ತೋರಿಸಿದರು. ಅವರ ಲೇಖನದ ಶೀರ್ಷಿಕೆಯಲ್ಲಿಯೇ ಪತಂಗದ ಹೆಸರಿತ್ತು. ಇಂದು ಬಿಸಿಲಿನಲ್ಲಿಯೂ ಓದಬಹುದಾದ ಪರದೆಗಳನ್ನು ಮಾಡುವವರೂ, ಸೂರ್ಯಪ್ರಕಾಶದ ಒಂದು ಕಿರಣವೂ ಪೋಲಾಗದಂತೆ ಸೌರಫಲಕಗಳನ್ನು ರೂಪಿಸಬೇಕೆನ್ನುವವರೂ ಅದೇ ಹಾದಿಯಲ್ಲಿ ನಡೆಯುತ್ತಿದ್ದಾರೆ.

ಎರಡನೆಯ ಪಾಠ ಇನ್ನೂ ವಿಸ್ಮಯಕರವಾದುದು. ಅದು ಸಮುದ್ರತಳದಲ್ಲಿ ಆರಂಭವಾಗಿ ನಕ್ಷತ್ರಲೋಕದಲ್ಲಿ ಕೊನೆಗೊಳ್ಳುತ್ತದೆ. ಅದನ್ನು ಅರಿಯಬೇಕಾದರೆ ಮೊದಲು ಕೀಟಗಳ ಕಣ್ಣನ್ನು ನೋಡಬೇಕು. ಅದು ನಮ್ಮದರಂತೆ ಒಂದೇ ಮಸೂರದ ಕೋಣೆಯಾಗಿರದೆ, ನೂರಾರು ಸಾವಿರಾರು ಪುಟ್ಟ ಕಣ್ಣುಗಳನ್ನು ಜೇನುಹಟ್ಟಿಯ ಕೋಶಗಳಂತೆ ಒತ್ತಾಗಿ ಜೋಡಿಸಿದ ಸಂಯುಕ್ತ ನೇತ್ರವಾಗಿರುತ್ತದೆ. ಹಾಲೆಂಡಿನ ಲೇವನ್‌ಹುಕ್ ಹದಿನೇಳನೆಯ ಶತಮಾನದಲ್ಲಿಯೇ ಕೀಟದ ಕಣ್ಣಿನ ಹೊದಿಕೆಯನ್ನು ಬೇರ್ಪಡಿಸಿ ಅದರ ಮೂಲಕ ಮೇಣದಬತ್ತಿಯನ್ನು ನೋಡಿ, ಒಂದು ಜ್ವಾಲೆಯ ಬದಲು ತಲೆಕೆಳಗಾದ ನೂರಾರು ಜ್ವಾಲೆಗಳನ್ನು ಕಂಡು ಬೆರಗಾಗಿದ್ದನು. ಆದರೆ ವಿಯೆನ್ನಾದ ಸಿಗ್ಮುಂಡ್ ಎಕ್ಸ್ನರ್, ೧೮೯೧ರಲ್ಲಿ ಹೊರತಂದ ತನ್ನ ಗ್ರಂಥದಲ್ಲಿ, ಮಿಂಚುಹುಳುವಿನಂಥ ಇರುಳುಜೀವಿಗಳ ಕಣ್ಣಿನಲ್ಲಿ ನೂರಾರು ಚಿತ್ರಗಳಿಗೆ ಬದಲು ಒಂದೇ ಒಂದು ನೆಟ್ಟಗಿನ ಚಿತ್ರ ಮೂಡುವುದನ್ನು ತೋರಿಸಿದನು. ತನ್ನ ಮಾತಿಗೆ ಸಾಕ್ಷಿಯಾಗಿ ಅವನು ಒದಗಿಸಿದುದು ಮಿಂಚುಹುಳುವಿನ ಕಣ್ಣಿನ ಮೂಲಕವೇ ತೆಗೆದ ಛಾಯಾಚಿತ್ರ: ಕಿಟಕಿಯ ಚೌಕಟ್ಟು, ಗಾಜಿನ ಮೇಲೆ ಅಂಟಿಸಿದ ಒಂದು ರೋಮನ್ ಅಕ್ಷರ, ಆಚೆಗೆ ಚರ್ಚಿನ ಗೋಪುರ. ಹಲವು ಪುಟ್ಟ ಮಸೂರಗಳು ಬೆಳಕನ್ನು ಬಾಗಿಸಿ ಒಂದೇ ಬಿಂದುವಿಗೆ ತಂದುಕೂಡಿಸುವುದರಿಂದ ಮಸಕು ಬೆಳಕಿನಲ್ಲಿಯೂ ಆ ಹುಳು ಕಾಣಬಲ್ಲದೆಂಬುದು ಅವನ ವಿವರಣೆಯಾಗಿತ್ತು.

ಸಿಗಡಿ, ಲಾಬ್‌ಸ್ಟರ್, ಕ್ರೇಫಿಶ್ ಮುಂತಾದ ಜಲಚರಗಳ ಕಣ್ಣಿಗೆ ಬಂದಾಗ ಮಾತ್ರ ಈ ವಿವರಣೆ ಒದಗಲಿಲ್ಲ. ಅವುಗಳ ಕಣ್ಣಿನ ಪುಟ್ಟ ಸ್ಫಟಿಕಗಳಿಗೆ ಬೆಳಕನ್ನು ಅಷ್ಟರಮಟ್ಟಿಗೆ ಬಾಗಿಸುವ ಸಾಮರ್ಥ್ಯವೇ ಇರಲಿಲ್ಲ. ಇಷ್ಟಲ್ಲದೆ, ಕೀಟದ ಕಣ್ಣಿನ ಕೋಶಗಳು ಸಾಮಾನ್ಯವಾಗಿ ಆರು ಮೂಲೆಯವಾಗಿದ್ದರೆ ಇವುಗಳ ಕೋಶಗಳು ಅಚ್ಚುಕಟ್ಟಾದ ಚೌಕಗಳಾಗಿದ್ದವು. ಪ್ರಕೃತಿ ವೃಥಾ ಚೌಕವನ್ನು ಕಡೆಯುವುದಿಲ್ಲ. ೧೯೭೫ರಲ್ಲಿ ಜರ್ಮನಿಯ ಕ್ಲಾಸ್ ಫೋಗ್ಟ್ ಕ್ರೇಫಿಶ್‌ನಲ್ಲಿಯೂ, ಮರುವರ್ಷ ಇಂಗ್ಲೆಂಡಿನ ಮೈಕೇಲ್ ಲ್ಯಾಂಡ್ ಸಿಗಡಿಯಲ್ಲಿಯೂ ಕಂಡುಹಿಡಿದ ರಹಸ್ಯವೇನೆಂದರೆ, ಈ ಕಣ್ಣು ಬೆಳಕನ್ನು ಮಸೂರದಿಂದ ಬಾಗಿಸುವುದಕ್ಕೆ ಬದಲಾಗಿ ಕನ್ನಡಿಯಿಂದ ತಿರುಗಿಸುತ್ತದೆ. ಒಂದೊಂದು ಕೋಶವೂ ಒಳಗೋಡೆಗಳೆಲ್ಲ ಕನ್ನಡಿಯಾದ ಚೌಕಾಕಾರದ ಕೊಳವೆ. ಸಾವಿರಾರು ಕೊಳವೆಗಳು ಗೋಳದ ಮೇಲ್ಮೈಯಲ್ಲಿ ಎಲ್ಲವೂ ಕೇಂದ್ರಕ್ಕೆ ಮುಖಮಾಡಿ ನಿಂತಿವೆ. ದೂರದ ಒಂದು ಬಿಂದುವಿನಿಂದ ಬಂದ ಕಿರಣಗಳು ಬೇರೆಬೇರೆ ಕೊಳವೆಗಳನ್ನು ಹೊಕ್ಕು, ಅವುಗಳ ಗೋಡೆಗಳಿಗೆ ಓರೆಯಾಗಿ ತಾಗಿ ತಿರುಗಿ, ಒಳಗಿನ ಒಂದೇ ತಾಣವನ್ನು ಸೇರುತ್ತವೆ. ಗೋಡೆಗಳು ಒಂದಕ್ಕೊಂದು ಲಂಬವಾಗಿದ್ದರೆ ಮಾತ್ರ, ಕಿರಣ ಯಾವ ಮೂಲೆಯಿಂದ ಹೊಕ್ಕರೂ ಈ ತಿರುವು ಒಂದೇ ಕ್ರಮಕ್ಕೆ ಒಳಪಡುತ್ತದೆ. ಚೌಕದ ಮರ್ಮ ಅದು. ಇಂಥ ಕಣ್ಣಿಗೆ ನಡುವೆಂಬುದಿಲ್ಲ, ಅಂಚೆಂಬುದಿಲ್ಲ. ಎಲ್ಲ ದಿಕ್ಕುಗಳೂ ಅದಕ್ಕೆ ಸಮಾನ.

ಈಗ ಆಕಾಶದ ಕಡೆಗೆ ನೋಡೋಣ. ನಕ್ಷತ್ರಗಳು ಸಿಡಿದಾಗಲೂ ಕೃಷ್ಣರಂಧ್ರಗಳು ತಮ್ಮ ನೆರೆಯ ತಾರೆಗಳನ್ನು ನುಂಗುವಾಗಲೂ ಹೇರಳವಾಗಿ ಹೊರಡುವುದು ಕ್ಷ-ಕಿರಣ. ಅದನ್ನು ಕೂಡಿಹಾಕುವುದಕ್ಕೆ ಸಾಮಾನ್ಯ ಮಸೂರವೂ ಬಾರದು, ಎದುರಿಗೆ ಹಿಡಿದ ಕನ್ನಡಿಯೂ ಬಾರದು. ಅದು ಎರಡರ ಒಳಕ್ಕೂ ನುಗ್ಗಿಹೋಗುತ್ತದೆ. ಆದರೆ ಕೆರೆಯ ನೀರಿಗೆ ನೇರವಾಗಿ ಹಾಕಿದರೆ ಮುಳುಗುವ ಚಪ್ಪಟೆಗಲ್ಲು ಓರೆಯಾಗಿ ಬೀಸಿದರೆ ಪುಟಿದು ಹೋಗುವಂತೆ, ಕ್ಷ-ಕಿರಣವೂ ನುಣುಪಾದ ಮೇಲ್ಮೈಯನ್ನು ಸವರಿದಂತೆ ತಾಗಿದಾಗ ಮಾತ್ರ ಪ್ರತಿಫಲಿಸುತ್ತದೆ. ಈ ಗುಣವನ್ನು ಬಳಸಿ ಕಟ್ಟಿದ ಹಳೆಯ ದೂರದರ್ಶಕಗಳು ಆಕಾಶದ ಬಹು ಕಿರಿದಾದ ತುಣುಕನ್ನು ಮಾತ್ರ ನೋಡಬಲ್ಲವಾಗಿದ್ದುವು. ಎಲ್ಲಿ ಯಾವಾಗ ಏನು ಸಿಡಿಯುವುದೆಂದು ತಿಳಿಯದ ಆಕಾಶವನ್ನು ಹೀಗೆ ಬೆಳಕಿಂಡಿಯಿಂದ ಕಾಯುವುದೆಂದರೆ ಊರೆಲ್ಲವನ್ನೂ ಬೀಗದ ಕಿಂಡಿಯಿಂದ ಕಾವಲು ಕಾದಂತೆ. ೧೯೭೯ರಲ್ಲಿ ಅಮೆರಿಕದ ಅರಿಜೋನಾದಲ್ಲಿದ್ದ ಖಗೋಳವಿಜ್ಞಾನಿ ರೋಜರ್ ಏಂಜೆಲ್, ಜೀವಶಾಸ್ತ್ರಜ್ಞರು ಅದೇ ತಾನೆ ಬಿಡಿಸಿದ್ದ ಲಾಬ್‌ಸ್ಟರ್ ಕಣ್ಣಿನ ಒಗಟನ್ನು ತನ್ನ ಸಮಸ್ಯೆಯ ಪಕ್ಕದಲ್ಲಿಟ್ಟು, ಓರೆ ಪ್ರತಿಫಲನದಿಂದಲೇ ಕೆಲಸಮಾಡುವ, ವಿಶಾಲವಾದ ದಿಕ್ಕನ್ನು ಒಮ್ಮೆಗೇ ನೋಡುವ ಈ ಕಣ್ಣೇ ಕ್ಷ-ಕಿರಣದ ದೂರದರ್ಶಕಕ್ಕೆ ತಕ್ಕ ಮಾದರಿಯೆಂದು ಪ್ರತಿಪಾದಿಸಿದರು.

ಪ್ರತಿಪಾದನೆಗೂ ನಿರ್ಮಾಣಕ್ಕೂ ನಡುವೆ ದಶಕಗಳು ಕಳೆದವು. ತಲೆಗೂದಲಿಗಿಂತ ಕಿರಿದಾದ ಲಕ್ಷಾಂತರ ಚೌಕರಂಧ್ರಗಳಿರುವ ಗಾಜಿನ ಫಲಕವನ್ನು ತಯಾರಿಸಿ, ಅದನ್ನು ಗೋಳದ ಮೈಗೆ ಹೊಂದುವಂತೆ ಬಾಗಿಸುವ ಕೌಶಲ ಮೊದಲು ಕೈಗೂಡಬೇಕಾಗಿತ್ತು. ಕೈಗೂಡಿದ ಮೇಲೆ, ೨೦೨೪ರ ಜನವರಿ ೯ರಂದು ಚೀನಾ ದೇಶ ಯೂರೋಪಿನ ಸಂಸ್ಥೆಗಳ ಸಹಭಾಗಿತ್ವದಲ್ಲಿ ಐನ್‌ಸ್ಟೈನ್ ಪ್ರೋಬ್ ಎಂಬ ಉಪಗ್ರಹವನ್ನು ಹಾರಿಸಿತು. ಅದರ ವಿಶಾಲಕ್ಷೇತ್ರದ ದೂರದರ್ಶಕದಲ್ಲಿ ಲಾಬ್‌ಸ್ಟರ್ ಕಣ್ಣಿನ ಮಾದರಿಯ ಹನ್ನೆರಡು ಘಟಕಗಳಿವೆ. ಒಂದೇ ನೋಟಕ್ಕೆ ಅದು ಸುಮಾರು ೩,೬೦೦ ಚದರ ಡಿಗ್ರಿ, ಎಂದರೆ ಇಡಿಯ ಆಕಾಶದ ಹನ್ನೊಂದನೆಯ ಒಂದು ಭಾಗವನ್ನು ಕಾಣುತ್ತದೆ. ಅದೇ ವರ್ಷದ ಮಾರ್ಚ್ ೧೫ರಂದು ಈ ಕಣ್ಣಿಗೆ ಬಿದ್ದ ಕ್ಷ-ಕಿರಣಗಳ ಒಂದು ಸ್ಫೋಟ ಹದಿನೇಳು ನಿಮಿಷಗಳಿಗೂ ಮಿಕ್ಕಿ ಏರಿಳಿದು ಆರಿಹೋಯಿತು. ಬೇರೆ ದೂರದರ್ಶಕಗಳಿಂದ ಅಳೆದು ನೋಡಿದಾಗ, ಆ ಬೆಳಕು ಹೊರಟು ಸುಮಾರು ೧,೨೫೦ ಕೋಟಿ ವರ್ಷಗಳಾಗಿದ್ದುವೆಂಬುದು ಗೊತ್ತಾಯಿತು. ಭೂಮಿಯೂ ಸೂರ್ಯನೂ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಹೊರಟ ಕಿರಣವನ್ನು ಬರಮಾಡಿಕೊಂಡುದು, ಕೆಸರುನೀರಿನಲ್ಲಿ ಆಹಾರವನ್ನು ಅರಸುವ ಜೀವಿಯ ಕಣ್ಣಿನ ಮಾದರಿ.

ಮೂರನೆಯ ಪಾಠದ ಸಂಗಡ ಬೆಂಗಳೂರಿಗೂ ಒಂದು ನಂಟುಂಟು. ದುಡಿಮೆಯ ಜೇನ್ನೊಣದ ಒಂದೊಂದು ಕಣ್ಣಿನಲ್ಲಿ ಸುಮಾರು ಐದು ಸಾವಿರ ಕೋಶಗಳಿವೆ. ಸಂಯುಕ್ತ ನೇತ್ರದಿಂದ ನಮ್ಮಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಆ ಕಣ್ಣಿನ ವ್ಯಾಸ ಒಂದು ಮೀಟರಿನಷ್ಟಾದರೂ ಇರಬೇಕಾದೀತೆಂದು ಲೆಕ್ಕ ಹಾಕಿರುವವರುಂಟು. ಜೇನ್ನೊಣದ ನೋಟ ಅಷ್ಟು ಒರಟು. ಅದರ ಎರಡು ಕಣ್ಣುಗಳು ತೀರ ಹತ್ತಿರ ಹತ್ತಿರವಿರುವುದರಿಂದ, ನಾವು ಮಾಡುವಂತೆ ಎರಡು ಕಣ್ಣಿನ ನೋಟಗಳನ್ನು ಹೋಲಿಸಿ ದೂರವನ್ನು ಅಳೆಯುವುದಕ್ಕೂ ಅನುಕೂಲವಿಲ್ಲ. ಹಾಗಿದ್ದೂ ಅದು ಕೊಂಬೆಗಳ ಸಂದಿಯಲ್ಲಿ ಎಲ್ಲಿಯೂ ತಗುಲದೆ ಹಾರಿ, ಗಾಳಿಗೆ ತೂಗುವ ಹೂವಿನ ಮೇಲೆ ಮೆತ್ತಗೆ ಇಳಿಯುವುದು ಹೇಗೆ? ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ವಿದ್ಯುತ್ ಶಾಸ್ತ್ರವನ್ನು ಅಭ್ಯಾಸಮಾಡಿ, ಮುಂದೆ ಆಸ್ಟ್ರೇಲಿಯದಲ್ಲಿ ನೆಲಸಿದ ಮಂಡಯಂ ಶ್ರೀನಿವಾಸನ್ ಅವರು ಈ ಪ್ರಶ್ನೆಗೆ ತಮ್ಮ ಜೀವಮಾನವನ್ನು ಮುಡಿಪಾಗಿಟ್ಟರು.

ರೈಲಿನ ಕಿಟಕಿಯಲ್ಲಿ ಕುಳಿತಾಗ ಹಳಿಯ ಬದಿಯ ಜಾಲಿಯ ಗಿಡಗಳು ಭರದಿಂದ ಹಿಂದಕ್ಕೆ ಓಡುವುದನ್ನೂ, ದೂರದ ಗುಡ್ಡ ನಮ್ಮೊಡನೆಯೇ ಬರುವಂತೆ ತೋರುವುದನ್ನೂ ಬಲ್ಲೆವಷ್ಟೆ. ನೋಟದ ಈ ಹರಿವೇ ಜೇನ್ನೊಣದ ಅಳತೆಗೋಲು. ಪಟ್ಟೆ ಬಳಿದ ಎರಡು ಗೋಡೆಗಳ ಓಣಿಯಲ್ಲಿ ಅದನ್ನು ಹಾರಬಿಟ್ಟಾಗ, ಎಡಗಣ್ಣಿನ ಹರಿವೂ ಬಲಗಣ್ಣಿನ ಹರಿವೂ ಸಮನಾಗಿರುವಂತೆ ನೋಡಿಕೊಂಡು ಅದು ಸರಿಯಾಗಿ ನಡುವೆ ಸಾಗುತ್ತದೆ. ಒಂದು ಗೋಡೆಯ ಪಟ್ಟೆಗಳನ್ನು ನೊಣ ಹಾರುವ ದಿಕ್ಕಿಗೇ ಚಲಿಸುವಂತೆ ಮಾಡಿದರೆ, ಆ ಬದಿಯ ಹರಿವು ಮಂದವಾಗಿ ಕಾಣುವುದರಿಂದ ಗೋಡೆ ದೂರವಿದೆಯೆಂದು ಭ್ರಮಿಸಿ ಅದು ಅತ್ತಲೇ ವಾಲುತ್ತದೆ. ೧೯೮೯ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರದ ವರ್ಷಗಳಲ್ಲಿ ಇಳಿಯುವಿಕೆಯ ಗುಟ್ಟೂ ಬಯಲಾಯಿತು: ನೆಲ ಸಮೀಪಿಸಿದಂತೆ ಹರಿವಿನ ವೇಗ ಹೆಚ್ಚದಂತೆ ಹಿಡಿದಿಟ್ಟುಕೊಂಡರೆ ಸಾಕು, ಹಾರಾಟದ ವೇಗ ತಾನಾಗಿಯೇ ತಗ್ಗುತ್ತ ಬಂದು ನೆಲ ಮುಟ್ಟುವಾಗ ಶೂನ್ಯಕ್ಕೆ ಸಮೀಪಿಸುತ್ತದೆ. ಎತ್ತರವನ್ನೂ ಅಳೆಯಬೇಕಿಲ್ಲ, ವೇಗವನ್ನೂ ಅಳೆಯಬೇಕಿಲ್ಲ. ಚಾಲಕನಿಲ್ಲದ ಪುಟ್ಟ ವಿಮಾನಗಳು ಅಡೆತಡೆಗಳನ್ನು ತಪ್ಪಿಸಿಕೊಂಡು ಹಾರುವುದಕ್ಕೂ ಇಳಿಯುವುದಕ್ಕೂ ಶ್ರೀನಿವಾಸನ್ ಅವರೂ ಅವರ ಸಂಗಡಿಗರೂ ಇದೇ ಸೂತ್ರವನ್ನು ಅಳವಡಿಸಿದರು. ಅಕ್ಕಿಕಾಳಿಗಿಂತ ಕಿರಿದಾದ ಮಿದುಳಿಗೆ ಎಟುಕುವಷ್ಟು ಸರಳವಾದುದರಿಂದಲೇ ಆ ಸೂತ್ರ ಹಗುರವಾದ ಯಂತ್ರಕ್ಕೂ ಎಟುಕಿತು.

ಕೊನೆಯ ಪಾಠ ನಮ್ಮ ಕಣ್ಣಿನದು. ಮಾನವನ ಒಂದು ಅಕ್ಷಿಪಟದಲ್ಲಿ ಮಸಕು ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಸುಮಾರು ೧೨ ಕೋಟಿ, ಬಣ್ಣಗಳನ್ನು ಗ್ರಹಿಸುವ ಶಂಕುಕೋಶಗಳು ಸುಮಾರು ೬೦ ಲಕ್ಷ. ಆದರೆ ಅಲ್ಲಿಂದ ಮಿದುಳಿಗೆ ಹೊರಡುವ ದೃಷ್ಟಿನರದಲ್ಲಿರುವ ತಂತುಗಳು ಹತ್ತು ಲಕ್ಷದ ಆಸುಪಾಸು ಮಾತ್ರ. ಹೆದ್ದಾರಿಯಲ್ಲಿ ಬಂದ ಸಂತೆಯ ಜನವೆಲ್ಲ ಕಾಲುಹಾದಿಯಲ್ಲಿ ಸಾಗಬೇಕಾದಂಥ ಪ್ರಸಂಗವಿದು. ಆದುದರಿಂದ ಅಕ್ಷಿಪಟ ಕಂಡುದನ್ನೆಲ್ಲ ಕಳುಹಿಸುವುದಿಲ್ಲ. ಅಲ್ಲಿಯೇ ಸೋಸಿ, ಹೇಳತಕ್ಕದ್ದನ್ನು ಮಾತ್ರ ಹೇಳುತ್ತದೆ. ಈ ಸೋಸುವಿಕೆಯ ಒಂದು ಮೂಲಸೂತ್ರವನ್ನು ಅಮೆರಿಕದ ಹಾರ್ಟ್‌ಲೈನ್ ಅವರು ಕುದುರೆಲಾಳದ ಆಕಾರದ ಒಂದು ಸಮುದ್ರಜೀವಿಯ ಕಣ್ಣಿನಲ್ಲಿ ಕಂಡುಹಿಡಿದು, ೧೯೬೭ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದರು: ಬೆಳಕು ತಾಗಿದ ಕೋಶ ತಾನು ಎಚ್ಚತ್ತು ನೆರೆಯ ಕೋಶಗಳನ್ನು ಅಡಗಿಸುತ್ತದೆ. ಎಲ್ಲೆಲ್ಲೂ ಒಂದೇ ಬೆಳಕಿರುವೆಡೆ ಎಲ್ಲವೂ ಒಂದನ್ನೊಂದು ಅಡಗಿಸಿ ಮೌನವಾಗುತ್ತವೆ. ಬೆಳಕೂ ನೆರಳೂ ಸಂಧಿಸುವ ಅಂಚಿನಲ್ಲಿ ಮಾತ್ರ ದನಿ ಏಳುತ್ತದೆ.

ಇದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕಟ್ಟಲು ೧೯೮೦ರ ದಶಕದಲ್ಲಿ ಹೊರಟವರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಕಾರ್ವರ್ ಮೀಡ್ ಮತ್ತು ಅವರ ಶಿಷ್ಯೆ ಮಿಶಾ ಮಹೋವಾಲ್ಡ್. ಅವರ ಸಿಲಿಕಾನ್ ಅಕ್ಷಿಪಟದ ಪರಂಪರೆ ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಮುಂದುವರಿದು, ೨೦೦೮ರಲ್ಲಿ ಲಿಕ್ಟ್‌ಸ್ಟೈನರ್, ಪಾಶ್, ಡೆಲ್‌ಬ್ರೂಕ್ ಎಂಬ ಮೂವರು ವರ್ಣಿಸಿದ ಕ್ಯಾಮೆರಾದಲ್ಲಿ ಪರಿಪಕ್ವವಾಯಿತು. ಸಾಮಾನ್ಯ ಕ್ಯಾಮೆರಾ ಸೆಕೆಂಡಿಗೆ ಇಷ್ಟೆಂದು ಇಡಿಯ ದೃಶ್ಯವನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತದೆ. ಗೋಡೆ ಗೋಡೆಯಾಗಿಯೇ ಇದೆಯೆಂಬ ವರದಿಯನ್ನು ಎಡೆಬಿಡದೆ ಒಪ್ಪಿಸುತ್ತದೆ. ಹೊಸ ಕ್ಯಾಮೆರಾ ಬಲ್ಲಿದ ತಳವಾರನಂಥದು: ಏನೂ ಅಲುಗದಿರುವಾಗ ಸುಮ್ಮನಿರುತ್ತದೆ, ಯಾವ ಬಿಂದುವಿನಲ್ಲಿ ಬೆಳಕು ಹೆಚ್ಚಿತೋ ಕುಂದಿತೋ ಆ ಬಿಂದು ಮಾತ್ರ, ಉಳಿದವಕ್ಕೆ ಕಾಯದೆ, ಆ ಕ್ಷಣವೇ ಕೂಗಿ ಹೇಳುತ್ತದೆ. ಆ ಮೊದಲ ಕ್ಯಾಮೆರಾದಲ್ಲಿದ್ದ ಬಿಂದುಗಳು ಸಾಲಿಗೆ ೧೨೮ರಂತೆ ೧೨೮ ಸಾಲುಗಳು ಮಾತ್ರ. ಆದರೂ ಅದರ ಪ್ರತಿಕ್ರಿಯೆ ಸೆಕೆಂಡಿನ ಹತ್ತು ಲಕ್ಷದ ಹದಿನೈದು ಭಾಗದಷ್ಟು ಶೀಘ್ರವಾಗಬಲ್ಲದಾಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ೨೦೨೩ರಲ್ಲಿ ಒಂದು ಹೊಸ ಫಲವನ್ನು ಕಂಡರು. ಬೆಳಕಿನ ಅಲೆಯ ಗಾತ್ರದಿಂದಾಗಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಮಾರು ೨೦೦ ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ವಸ್ತುಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಹೊಳೆಯುವ ಕಣಗಳ ಬೆಳಕು ಏರುವಾಗಲೂ ಇಳಿಯುವಾಗಲೂ ಬಿಂದುಗಳು ಕೊಟ್ಟ ಕರೆಗಳನ್ನು ಕೂಡಿಸಿ, ಗಣಕದ ಕಲಿಕೆಯ ನೆರವಿನಿಂದ ವಿಂಗಡಿಸಿದಾಗ, ೫೦ ನ್ಯಾನೊಮೀಟರಿಗಿಂತಲೂ ಕಿರಿದಾದ ವಸ್ತುಗಳ ಸ್ಥಾನವನ್ನು ಗುರುತಿಸುವುದು ಅವರಿಗೆ ಸಾಧ್ಯವಾಯಿತು.

ಆದರೆ ಈ ಕ್ಯಾಮೆರಾಕ್ಕೂ ಒಂದು ಕುಂದಿತ್ತು; ಆ ಕುಂದಿನ ಕಥೆಯೇ ಅತ್ಯಂತ ಬೋಧಪ್ರದವಾದುದು. ಬದಲಾದುದನ್ನು ಮಾತ್ರ ಹೇಳುವ ಕಣ್ಣಿಗೆ ನಿಶ್ಚಲವಾದುದು ಕಾಣುವುದೇ ಇಲ್ಲ. ನಮ್ಮ ಕಣ್ಣಿಗೂ ಇದೇ ತೊಡಕುಂಟೆಂಬುದು ೧೯೫೦ರ ದಶಕದ ಆರಂಭದ ಪ್ರಯೋಗಗಳಲ್ಲಿ ಸಿದ್ಧವಾಗಿತ್ತು: ಚಿತ್ರವೊಂದನ್ನು ಅಕ್ಷಿಪಟದ ಮೇಲೆ ಒಂದಿನಿತೂ ಕದಲದಂತೆ ನಿಲ್ಲಿಸಿದರೆ ಕೆಲವೇ ಕ್ಷಣಗಳಲ್ಲಿ ಅದು ಮಾಸಿ ಮರೆಯಾಗುತ್ತದೆ. ಹಾಗಾಗದಿರಲೆಂದೇ ನಮ್ಮ ಕಣ್ಣುಗುಡ್ಡೆ, ನಾವು ನೆಟ್ಟ ನೋಟದಿಂದ ನೋಡುತ್ತಿದ್ದೇವೆಂದು ತಿಳಿದಿರುವಾಗಲೂ, ನಮಗೆ ಅರಿವಿಲ್ಲದೆ ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಉಪಕರಣಶಾಸ್ತ್ರದ ದೃಷ್ಟಿಯಿಂದ ನಡುಗುವ ಕ್ಯಾಮೆರಾ ಕೆಟ್ಟ ಕ್ಯಾಮೆರಾ. ಹೆಲ್ಮ್‌ಹೋಲ್ಟ್ಸನ ದೋಷಪಟ್ಟಿಗೆ ಇದೂ ಒಂದು ಸೇರ್ಪಡೆಯಾಗಬಹುದಿತ್ತು. ಆದರೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೪ರಲ್ಲಿ ಆ ನಡುಕವನ್ನೇ ಬೇಕೆಂದು ತಂದುಕೊಂಡರು; ಕ್ಯಾಮೆರಾದ ಮುಂದೆ ಓರೆಯಾಗಿ ಕತ್ತರಿಸಿದ ಗಾಜಿನ ಬಿಲ್ಲೆಯೊಂದನ್ನು ತಿರುಗಿಸುತ್ತ, ಒಳಬರುವ ಬೆಳಕನ್ನು ಸದಾ ಕದಲಿಸಿ, ನಿಶ್ಚಲವಾದ ಅಂಚುಗಳೂ ಸ್ಪಷ್ಟವಾಗಿ ಕಾಣುವಂತೆ ಮಾಡಿದರು. ದೋಷವೆಂದು ತೋರಿದುದೇ ದರ್ಶನದ ಸಾಧನವಾಯಿತು.

ಈ ನಾಲ್ಕು ಕಥೆಗಳಲ್ಲಿ ಮತ್ತೊಂದು ಸಾಮ್ಯವನ್ನು ಗಮನಿಸದೆ ಇರಲಾರೆವು. ಕ್ರೇಫಿಶ್‌ನ ಕಣ್ಣನ್ನು ಕೊಯ್ದು ನೋಡಿದವರ ಮನಸ್ಸಿನಲ್ಲಿ ನಕ್ಷತ್ರದ ಸ್ಫೋಟವಿರಲಿಲ್ಲ; ಪತಂಗದ ಕಣ್ಣಿನ ಮೊನೆಗಳನ್ನು ಎಣಿಸಿದವರು ದೂರದರ್ಶನದ ಪರದೆಯನ್ನು ಉದ್ದೇಶಿಸಿರಲಿಲ್ಲ; ಹಾರ್ಟ್‌ಲೈನ್ ಅವರಿಗೆ ಸಿಲಿಕಾನ್ ಬಿಲ್ಲೆಯ ಕನಸಿರಲಿಲ್ಲ. ಅವರಿಗೆ ಇದ್ದುದು, ಈ ಜೀವಿ ಹೀಗೇಕೆ ಕಾಣುತ್ತದೆಂಬ ಕುತೂಹಲವೊಂದೇ. ಫೋಗ್ಟ್ ಅವರ ಶೋಧಕ್ಕೂ ಐನ್‌ಸ್ಟೈನ್ ಪ್ರೋಬ್ ಹಾರಿದುದಕ್ಕೂ ನಡುವೆ ನಲವತ್ತೊಂಬತ್ತು ವರ್ಷಗಳು. ಇದರಿಂದೇನು ಪ್ರಯೋಜನವೆಂದು ೧೯೭೫ರಲ್ಲಿ ಯಾರಾದರೂ ಗದರಿ ಕೇಳಿದ್ದರೆ ಉತ್ತರ ಹೇಳುವವರಿರಲಿಲ್ಲ. ಆ ಪ್ರಶ್ನೆಗೆ ಅಂಜಿ ಆ ಕೆಲಸ ನಿಂತಿದ್ದರೆ ಏಂಜೆಲ್ ಅವರ ಮೇಜಿನ ಮೇಲೆ ಲಾಬ್‌ಸ್ಟರ್ ಬರುತ್ತಿರಲಿಲ್ಲ. ಹಾಗೆಯೇ, ನಾವು ಪರೀಕ್ಷಿಸುವ ಮುನ್ನವೇ ಕಾಡಿನಿಂದಲೋ ಕಡಲಿನಿಂದಲೋ ಅಳಿದುಹೋಗುವ ಒಂದೊಂದು ಜೀವಿಯ ಸಂಗಡ, ನಾವು ಇನ್ನೂ ಕೇಳಲು ಕಲಿಯದ ಒಂದೊಂದು ಪ್ರಶ್ನೆಯ ಉತ್ತರವೂ ಅಳಿದುಹೋಗುತ್ತದೆ. ಕಣ್ಣಿನಿಂದ ಉಪಕಾರ ಪಡೆದವರು ಕಣ್ಣುಳ್ಳ ಜೀವಿಗಳಿಗೆ ಇಷ್ಟರ ಋಣವನ್ನಾದರೂ ಒಪ್ಪಿಕೊಳ್ಳಬೇಕು.

ಕಿಟಕಿಯ ಬಳಿ ಪತಂಗ ಇನ್ನೂ ಕುಳಿತೇ ಇದೆ. ಮಳೆ ಹಿಡಿದಿದೆ, ರಾತ್ರಿ ಬಹಳವಾಗಿದೆ. ಎದ್ದು ದೀಪವನ್ನು ಆರಿಸುತ್ತೇವೆ. ಒಡನೆಯೇ ಗಾಜಿನಲ್ಲಿದ್ದ ನಮ್ಮ ಮುಖವೂ ಪಂಚಾಂಗವೂ ಮಾಯವಾಗಿ, ಇಷ್ಟು ಹೊತ್ತೂ ಕಾಣದಿದ್ದ ಅಂಗಳವೂ ಅದರಾಚೆಯ ಅಡಕೆಯ ಮರಗಳೂ ಮಸಕಾಗಿ ಮೂಡುತ್ತವೆ. ಸೆಳೆತ ತಪ್ಪಿದ ಪತಂಗ ರೆಕ್ಕೆಯನ್ನು ಒಮ್ಮೆ ಅದುರಿಸಿ ಗಾಜನ್ನು ಬಿಟ್ಟು ತೋಟದ ಕಡೆಗೆ ಹಾರಿಹೋಗುತ್ತದೆ. ಅದರ ಕಣ್ಣನ್ನು ರೂಪಿಸಿದ ಕತ್ತಲೆ ಈಗ ನಮ್ಮ ಮುಂದೆಯೂ ಹಬ್ಬಿದೆ; ಅದನ್ನು ಕಾಣಬೇಕಾದರೆ ನಮ್ಮ ದೀಪವನ್ನು ಒಂದು ಗಳಿಗೆ ಆರಿಸಬೇಕಾಗಿತ್ತು.